ಹೊಗೆಯ ಬಲವೂ ಇಂಗಾಲದ ನೂಲೂ

೧

ಯಂತ್ರಯುಗವು ಮನುಷ್ಯನಿಗೆ ಅನೇಕ ಸೌಕರ್ಯಗಳನ್ನು ತಂದುಕೊಟ್ಟಿತಾದರೂ ಅವನ ಕೈಯ ಕೆಲಸವನ್ನು ಕಸಿದುಕೊಂಡಿತೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಎತ್ತಿನ ಗಾಡಿಯನ್ನು ಕಟ್ಟುತ್ತಿದ್ದ ಬಡಗಿಯೂ ಅದರ ಗಾಲಿಗೆ ಪಟ್ಟಿಯನ್ನು ಕಾಯಿಸಿ ಹಾಕುತ್ತಿದ್ದ ಕಮ್ಮಾರನೂ ಊರಿನವರೇ ಆಗಿದ್ದರು. ಗಾಡಿಯ ಗುಣದೋಷಗಳು ಅದನ್ನು ಹೂಡುವವನಿಗೆ ತಿಳಿದಿದ್ದುವು. ಮೋಟಾರು ಕಾರಿನ ವಿಷಯವು ಹಾಗಲ್ಲ. ಕೊಂಡವನು ಅದನ್ನು ನಡೆಸಬಲ್ಲನೇ ಹೊರತು ಅದರ ಒಳಗನ್ನು ಅರಿಯನು. ಅರಿಯಬೇಕೆಂಬ ಅಗತ್ಯವೂ ಅವನಿಗಿಲ್ಲ.

ಹೀಗಿರಲು, ಇಂಗ್ಲೆಂಡು, ಅಮೆರಿಕ, ಜಪಾನು, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಸಾಮಾನ್ಯ ಗೃಹಸ್ಥರು ಕೆಲವರು ಹಳೆಯ ಕಾರೊಂದನ್ನು ತಂದು, ಮನೆಯ ಪಕ್ಕದ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ಹರಡಿಕೊಂಡು, ವರ್ಷಗಟ್ಟಲೆ ತಮ್ಮ ರಜಾದಿನಗಳನ್ನು ಅದಕ್ಕೆ ಸಲ್ಲಿಸುವುದುಂಟು. ಎಂಜಿನಿಗೆ ಟರ್ಬೋಚಾರ್ಜರ್ ಎಂಬ ಯಂತ್ರವನ್ನು ಜೋಡಿಸಿ ಅದರ ಬಲವನ್ನು ಹೆಚ್ಚಿಸುವರು; ಕಾರ್ಬನ್ ಫೈಬರ್ ಎಂಬ ಇಂಗಾಲದ ನೂಲಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಬಾನೆಟ್ಟು ಮೊದಲಾದ ಭಾಗಗಳನ್ನು ಸ್ವಂತ ಕೈಯಿಂದಲೇ ಮಾಡಿ ಕೂರಿಸುವರು. ನೋಡುವವರಿಗೆ ಇದು ಬರಿಯ ಚಪಲವಾಗಿಯೋ ಹಣದ ದುರ್ವ್ಯಯವಾಗಿಯೋ ತೋರಬಹುದು. ಆದರೆ ಆ ಎರಡು ವಸ್ತುಗಳ ಹಿಂದೆಯೂ ನೂರು ವರ್ಷಗಳನ್ನು ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ವಿದ್ವಾಂಸರೂ ದೊಡ್ಡ ಕಾರ್ಖಾನೆಗಳೂ ಎಡವಿದ ಸ್ಥಳಗಳಲ್ಲಿಯೇ ಇಂದಿನ ಹವ್ಯಾಸಿಯೂ ಎಡವುತ್ತಾನೆ. ಅವರು ಎದ್ದ ಕ್ರಮದಲ್ಲಿಯೇ ತಾನೂ ಏಳಬೇಕಾಗುತ್ತದೆ. ಚರಿತ್ರೆಯನ್ನು ಬಲ್ಲವನಿಗೆ ಈ ಎಡವುಗಳು ಕಡಮೆ. ಅರಿಯದವನಿಗೆ ಅವು ಪ್ರಾಣಕ್ಕೂ ಸಂಚಕಾರವಾದಾವು.

ಎರಡು ಸಾಧನೆಗಳ ಮೂಲವೂ ಒಂದೇ ಲೆಕ್ಕ. ಓಡುವ ಗಾಡಿಯ ಚುರುಕು ಅದರ ಎಂಜಿನಿನ ಬಲವನ್ನು ಅದರ ತೂಕದಿಂದ ಭಾಗಿಸಿದರೆ ಬರುವ ಲಬ್ಧವನ್ನು ಅವಲಂಬಿಸಿದೆ. ಆದುದರಿಂದ ಬಲವನ್ನು ಹೆಚ್ಚಿಸಬೇಕು, ಇಲ್ಲವೆ ತೂಕವನ್ನು ಇಳಿಸಬೇಕು. ಮೊದಲನೆಯದು ಟರ್ಬೋಚಾರ್ಜರಿನ ಮಾರ್ಗ. ಎರಡನೆಯದು ಇಂಗಾಲದ ನೂಲಿನ ಮಾರ್ಗ.

೨

ಪೆಟ್ರೋಲಿನಲ್ಲಿಯಾಗಲಿ ಡೀಸೆಲ್ಲಿನಲ್ಲಿಯಾಗಲಿ ಅಡಗಿರುವ ಶಾಖವೆಲ್ಲವೂ ಚಕ್ರವನ್ನು ತಿರುಗಿಸುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಅದರ ಮೂರರಲ್ಲೊಂದು ಪಾಲು ಹೊಗೆಯೊಡನೆ ಕೊಳವೆಯಿಂದ ಹೊರಗೆ ಹೋಗಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಎಂಬ ಊರಿನಲ್ಲಿ ೧೮೭೯ರಲ್ಲಿ ಹುಟ್ಟಿದ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನ ಮನಸ್ಸನ್ನು ಕೊರೆದುದು ಈ ನಷ್ಟವೇ. ಹೊರಗೆ ನುಗ್ಗುವ ಬಿಸಿಹೊಗೆಯ ದಾರಿಯಲ್ಲಿ ರೆಕ್ಕೆಗಳುಳ್ಳ ಒಂದು ಚಕ್ರವನ್ನಿಟ್ಟರೆ ಅದು ತಿರುಗುವುದು. ಆ ಚಕ್ರದ ಅಚ್ಚಿಗೆ ಇನ್ನೊಂದು ಚಕ್ರವನ್ನು ಸೇರಿಸಿದರೆ ಅದು ಹೊರಗಿನ ಗಾಳಿಯನ್ನು ಎಳೆದು ಎಂಜಿನಿನೊಳಕ್ಕೆ ಒತ್ತುವುದು. ಗಾಳಿ ಹೆಚ್ಚಾದರೆ ಇಂಧನವನ್ನು ಹೆಚ್ಚು ಉರಿಸಬಹುದು. ಅಷ್ಟೇ ಗಾತ್ರದ ಎಂಜಿನಿನಿಂದ ಹೆಚ್ಚು ಬಲವನ್ನು ಪಡೆಯಬಹುದು. ಕಮ್ಮಾರನು ತಿದಿಯನ್ನೊತ್ತಿದರೆ ಕುಲುಮೆಯು ಹೇಗೆ ಪ್ರಜ್ವಲಿಸುವುದೋ ಹಾಗೆಯೇ ಇದು. ಭೇದವೇನೆಂದರೆ, ಇಲ್ಲಿ ತಿದಿಯನ್ನು ಒತ್ತುವ ಆಳು ಕುಲುಮೆಯ ಹೊಗೆಯೇ.

ಬ್ಯೂಖಿಯು ಈ ಕಲ್ಪನೆಗೆ ೧೯೦೫ರ ನವೆಂಬರಿನಲ್ಲಿ ಹಕ್ಕುಪತ್ರವನ್ನು ಪಡೆದನು. ಆದರೆ ಕಾಗದದ ಮೇಲಿನ ರೇಖೆಯು ಲೋಹದಲ್ಲಿ ನಿಲ್ಲುವುದಕ್ಕೆ ಇಪ್ಪತ್ತು ವರ್ಷಗಳು ಹಿಡಿದುವು. ಕೆಂಪಗೆ ಕಾಯುವ ಹೊಗೆಯಲ್ಲಿ ಬಹುಕಾಲ ಬಾಳುವ ಲೋಹವೂ, ಅಷ್ಟು ವೇಗವನ್ನು ತಾಳುವ ಬೇರಿಂಗುಗಳೂ ಆಗ ಸುಲಭವಾಗಿರಲಿಲ್ಲ. ಸುಲ್ಜರ್ ಸಂಸ್ಥೆಯಲ್ಲಿದ್ದುಕೊಂಡು ಅವನು ನಡೆಸಿದ ಮೊದಲ ಪ್ರಯೋಗಗಳು ತೃಪ್ತಿಕರವಾಗಲಿಲ್ಲ. ಕೊನೆಗೆ ೧೯೨೦ರ ದಶಕದ ನಡುವಿನಲ್ಲಿ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಹಡಗುಗಳ ಡೀಸೆಲ್ ಎಂಜಿನುಗಳಿಗೆ ಈ ಯಂತ್ರವನ್ನು ಜೋಡಿಸಲಾಗಿ, ೧,೭೫೦ ಅಶ್ವಶಕ್ತಿಯಿದ್ದ ಎಂಜಿನು ೨,೫೦೦ ಅಶ್ವಶಕ್ತಿಯನ್ನು ಕೊಟ್ಟಿತು. ಸಿಲಿಂಡರುಗಳು ಮೊದಲಿನಷ್ಟೇ, ಹೆಚ್ಚಿದುದು ಅವುಗಳಿಗೆ ದೊರೆತ ಉಸಿರು ಮಾತ್ರ.

ಇತ್ತ ವಿಮಾನಗಳಿಗೆ ಬೇರೊಂದು ಕಷ್ಟವಿದ್ದಿತು. ಮೇಲಕ್ಕೆ ಏರಿದಂತೆಲ್ಲ ಗಾಳಿಯು ತೆಳುವಾಗುವುದರಿಂದ ಎಂಜಿನಿನ ಬಲವು ಕುಂದುವುದು. ಫ್ರಾನ್ಸಿನ ಆಗ್ಯುಸ್ತ್ ರಾತೊ ಎಂಬವನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕಾಗಿ ಟರ್ಬೋವನ್ನು ಬಳಸಿ ನೋಡಿದನು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫರ್ಡ್ ಮಾಸ್ ೧೯೧೮ರಲ್ಲಿ ಒಂದು ಲಿಬರ್ಟಿ ಎಂಜಿನನ್ನು ಕೊಲೊರಾಡೊ ಪ್ರಾಂತದ ಪೈಕ್ಸ್ ಪೀಕ್ ಎಂಬ, ಹದಿನಾಲ್ಕು ಸಾವಿರ ಅಡಿಗಳಿಗೆ ಮೀರಿದ ಶಿಖರಕ್ಕೆ ಗಾಡಿಯಲ್ಲಿ ಹೊರಿಸಿಕೊಂಡು ಹೋದನು. ಸಮುದ್ರಮಟ್ಟದಲ್ಲಿ ಸುಮಾರು ೩೫೦ ಅಶ್ವಶಕ್ತಿಯಿದ್ದ ಆ ಎಂಜಿನು ಶಿಖರದಲ್ಲಿ ೨೩೦ಕ್ಕೆ ಇಳಿಯಿತು. ಟರ್ಬೋವನ್ನು ಜೋಡಿಸಿದೊಡನೆ ೩೫೬ಕ್ಕೆ ಏರಿತು. ೧೯೨೦ರಲ್ಲಿ ಮೇಜರ್ ಶ್ರೋಡರ್ ಎಂಬ ವೈಮಾನಿಕನು ಇಂಥ ಎಂಜಿನುಳ್ಳ ವಿಮಾನದಲ್ಲಿ ಮೂವತ್ತಮೂರು ಸಾವಿರ ಅಡಿಗಳ ಎತ್ತರವನ್ನು ಮುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-೧೭ ಬಾಂಬರುಗಳು ಎತ್ತರದಲ್ಲಿ ಹಾರುವಂತಾದುದು ಈ ಯಂತ್ರದ ಸಹಾಯದಿಂದಲೇ.

ಹಡಗು ಮತ್ತು ವಿಮಾನಗಳ ಯಂತ್ರವು ಮನೆಯ ಕಾರಿಗೆ ಬಂದುದು ೧೯೬೨ರಲ್ಲಿ. ಆ ವರ್ಷ ಅಮೆರಿಕದಲ್ಲಿ ಷೆವರ್ಲೆ ಕಾರ್ವೇರ್ ಮಾನ್‌ಜಾ ಸ್ಪೈಡರ್, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಎರಡು ಟರ್ಬೋ ಕಾರುಗಳು ಮಾರಾಟಕ್ಕೆ ಬಂದುವು. ಇವುಗಳೊಳಗೆ ಜೆಟ್‌ಫೈರಿನ ಕಥೆಯು ಹವ್ಯಾಸಿಗಳಿಗೆಲ್ಲ ಪಾಠವಾಗಿದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದು ಪ್ರಕೃತಿಧರ್ಮ. ಬಿಸಿಯಾದ ಗಾಳಿಯೂ ಪೆಟ್ರೋಲೂ ಬೆರೆತ ಮಿಶ್ರಣವು ಸಿಲಿಂಡರಿನಲ್ಲಿ ಕಿಡಿಯ ಜ್ವಾಲೆಯು ಕ್ರಮವಾಗಿ ಹರಡುವುದಕ್ಕೆ ಮೊದಲೇ ಅಲ್ಲಲ್ಲಿ ತಾನಾಗಿ ಸಿಡಿಯುವುದುಂಟು. ಇದನ್ನೇ ಯಂತ್ರಜ್ಞರು ನಾಕಿಂಗ್ ಎನ್ನುವರು. ಈ ಸಿಡಿತವು ಪಿಸ್ಟನ್ನಿನ ತಲೆಯನ್ನು ಸುತ್ತಿಗೆಯಂತೆ ಬಡಿದು ತೂತುಮಾಡಬಲ್ಲುದು. ಜೆಟ್‌ಫೈರಿನ ನಿರ್ಮಾಪಕರು ಇದನ್ನು ತಡೆಯಲು ನೀರನ್ನೂ ಮಿಥೈಲ್ ಆಲ್ಕೊಹಾಲನ್ನೂ ಬೆರೆಸಿದ ದ್ರವವೊಂದನ್ನು ಎಂಜಿನಿನೊಳಕ್ಕೆ ಸಿಂಪಡಿಸುವ ಏರ್ಪಾಟು ಮಾಡಿದರು. ಯುಕ್ತಿಯು ಸರಿಯಾಗಿಯೇ ಇದ್ದಿತು. ಆದರೆ ಕೊಂಡವರು ಆ ದ್ರವವನ್ನು ತುಂಬಿಸುವುದನ್ನು ಮರೆತರು. ದ್ರವವು ತೀರಿದಾಗ ಬಲವನ್ನು ಕಡಮೆಮಾಡುವ ಕಟ್ಟುಪಾಡು ಇದ್ದುದರಿಂದ ಕಾರು ಮಂಕಾಯಿತೆಂದು ದೂರಿದರು. ಎರಡೇ ವರ್ಷಗಳಲ್ಲಿ ಅದರ ತಯಾರಿಕೆಯು ನಿಂತಿತು. ಅನೇಕ ಕಾರುಗಳಿಂದ ಟರ್ಬೋವನ್ನೇ ಕಳಚಿ ತೆಗೆಯಲಾಯಿತು. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಅದರ ಮರ್ಮವನ್ನು ಅರಿಯದವನ ಕೈಯಲ್ಲಿ ಅದು ಬಾಳದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ತರುವಾಯದ ಹೆಜ್ಜೆಗಳೂ ಸುಗಮವಾಗಿರಲಿಲ್ಲ. ೧೯೭೩ರಲ್ಲಿ ಬಿ.ಎಂ.ಡಬ್ಲ್ಯು. ೨೦೦೨ ಟರ್ಬೋ ಹೊರಬಂದಿತು; ಅದೇ ವರ್ಷದಲ್ಲಿ ತೈಲದ ಕ್ಷಾಮವೂ ಬಂದಿತು; ಎರಡು ಸಾವಿರ ಕಾರುಗಳೂ ತಯಾರಾಗಲಿಲ್ಲ. ೧೯೭೭ರಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯವರು ಸಿಲ್ವರ್‌ಸ್ಟನ್ ಪಂದ್ಯದಲ್ಲಿ ಒಂದೂವರೆ ಲೀಟರಿನ ಟರ್ಬೋ ಎಂಜಿನುಳ್ಳ ಹಳದಿ ಕಾರನ್ನು ಮೂರು ಲೀಟರಿನ ಎಂಜಿನುಗಳ ಎದುರಿಗೆ ತಂದು ನಿಲ್ಲಿಸಿದರು. ಅದು ಮೇಲಿಂದ ಮೇಲೆ ಹೊಗೆ ಕಾರಿ ನಿಂತುಬಿಡುತ್ತಿದ್ದುದರಿಂದ ಇಂಗ್ಲಿಷರು ಅದಕ್ಕೆ ‘ಹಳದಿಯ ಚಹದ ಪಾತ್ರೆ’ಯೆಂದು ಹೆಸರಿಟ್ಟು ನಕ್ಕರು. ಆದರೆ ೧೯೭೯ರ ಜುಲೈ ೧ರಂದು ದೀಜೋನ್ ನಗರದ ಪಂದ್ಯದಲ್ಲಿ ಜ್ಯಾಂ-ಪಿಯೇರ್ ಜಾಬೂಯ್ ಅದೇ ಸಂಸ್ಥೆಯ ಕಾರಿನಲ್ಲಿ ಮೊದಲಿಗನಾಗಿ ಬಂದನು, ನಗೆಯು ನಿಂತಿತು. ೧೯೮೩ರಲ್ಲಿ ನೆಲ್ಸನ್ ಪಿಕೆ ವಿಶ್ವವಿಜಯಿಯಾದುದು ಬಿ.ಎಂ.ಡಬ್ಲ್ಯು. ಟರ್ಬೋ ಎಂಜಿನಿನಿಂದ, ಆ ಎಂಜಿನಿನ ಮೂಲವು ಬೀದಿಯಲ್ಲಿ ಓಡುವ ಸಾಮಾನ್ಯ ಕಾರಿನ ಎರಕದ ಕಬ್ಬಿಣದ ಬ್ಲಾಕು. ಬೀದಿಯ ಕಾರಿನ ಕಬ್ಬಿಣದೊಳಗೆ ಇಷ್ಟು ಬಲವು ಅಡಗಿರಬಲ್ಲುದೆಂಬ ಈ ದೃಷ್ಟಾಂತವು ಹವ್ಯಾಸಿಗಳಿಗೂ ಹುರುಪನ್ನು ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

೩

ಇನ್ನು ಇಂಗಾಲದ ನೂಲಿನ ಸಂಗತಿ. ಇದರ ಆರಂಭವು ಬಲಕ್ಕಾಗಿ ಅಲ್ಲ, ಬೆಳಕಿಗಾಗಿ. ವಿದ್ಯುದ್ದೀಪದೊಳಗೆ ಕಾಯ್ದು ಬೆಳಗುವ ಎಳೆಗಾಗಿ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನನೂ ಅಮೆರಿಕದಲ್ಲಿ ಥಾಮಸ್ ಎಡಿಸನನೂ ಹುಡುಕಾಡಿದರು. ೧೮೭೯ರಲ್ಲಿ ಎಡಿಸನನು ಹತ್ತಿಯ ದಾರವನ್ನು ಗಾಳಿ ತಾಗದಂತೆ ಸುಟ್ಟು ಇಂಗಾಲವಾಗಿ ಮಾರ್ಪಡಿಸಿದನು. ಮುಂದೆ ಜಪಾನಿನ ಬಿದಿರಿನ ಎಳೆಯು ಅದಕ್ಕಿಂತ ಹೆಚ್ಚು ಬಾಳಿಕೆಯುಳ್ಳದ್ದೆಂದು ಕಂಡುಕೊಂಡನು. ಟಂಗ್‌ಸ್ಟನ್ ತಂತಿಯು ಬಂದಮೇಲೆ ಇಂಗಾಲದ ಎಳೆಯನ್ನು ಲೋಕವು ಹೆಚ್ಚುಕಡಮೆ ಮರೆತಿತು.

ಅದು ಮತ್ತೆ ನೆನಪಿಗೆ ಬಂದುದು ಎಪ್ಪತ್ತೊಂಬತ್ತು ವರ್ಷಗಳ ತರುವಾಯ. ೧೯೫೮ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೋಜರ್ ಬೇಕನ್ ಎಂಬ ಭೌತವಿಜ್ಞಾನಿಯು ಕೂದಲಿಗಿಂತ ಸೂಕ್ಷ್ಮವಾದ ಗ್ರಾಫೈಟಿನ ಎಳೆಗಳನ್ನು ಕಂಡು, ಅವು ಉಕ್ಕನ್ನು ಮೀರಿಸುವ ಸೆಳೆತವನ್ನು ತಾಳುವುವೆಂದು ಅಳೆದು ತೋರಿಸಿದನು. ಆದರೆ ಅವುಗಳನ್ನು ತಯಾರಿಸುವ ವೆಚ್ಚವು ವಿಪರೀತವಾಗಿದ್ದಿತು. ಜಪಾನಿನ ಒಸಾಕದ ಸರ್ಕಾರಿ ಸಂಶೋಧನಾಲಯದಲ್ಲಿ ಅಕಿಯೊ ಶಿಂಡೊ ೧೯೬೦ರ ದಶಕದ ಆರಂಭದಲ್ಲಿ, ಬಟ್ಟೆಗಾಗಿ ಬಳಸುತ್ತಿದ್ದ ಅಕ್ರಿಲಿಕ್ ಜಾತಿಯ ಎಳೆಯಿಂದಲೇ ಇಂಗಾಲದ ನೂಲನ್ನು ಪಡೆಯುವ ಮಾರ್ಗವನ್ನು ತೋರಿಸಿದನು. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದಲ್ಲಿ ವಿಲಿಯಂ ವಾಟ್ ಮತ್ತು ಅವನ ಸಂಗಡಿಗರು ಇನ್ನೊಂದು ಮರ್ಮವನ್ನು ಕಂಡುಹಿಡಿದರು: ಎಳೆಯನ್ನು ಮೊದಲು ಇನ್ನೂರು ಮುನ್ನೂರು ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಕಾಯಿಸುವಾಗ ಅದು ಕುಗ್ಗದಂತೆ ಬಿಗಿಯಾಗಿ ಹಿಡಿದಿರಬೇಕು, ಆಮೇಲೆ ಸಾವಿರ ಡಿಗ್ರಿಗಳಿಗೂ ಮೀರಿ, ಪ್ರಾಣವಾಯುವಿಲ್ಲದೆಡೆಯಲ್ಲಿ ಸುಡಬೇಕು. ಬಿಗಿಯಲ್ಲಿ ಬೆಂದ ಎಳೆಯೊಳಗೆ ಇಂಗಾಲದ ಪದರಗಳು ಉದ್ದಕ್ಕೆ ಸಾಲುಗೊಂಡು ಅತಿಶಯವಾದ ದಾರ್ಢ್ಯವನ್ನು ಕೊಡುವುವು. ಹೀಗೆ ದೊರೆತ ಎಳೆಯ ವ್ಯಾಸವು ಒಂದು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಏಳು ಪಾಲು. ಅದರ ಸಾಂದ್ರತೆಯು ಉಕ್ಕಿನ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಮೆ.

ಇಂಥ ವಸ್ತುವು ದೊರೆತಾಗ ದೊಡ್ಡವರಿಗೂ ಆತುರವುಂಟಾಗುವುದು ಸಹಜ. ಇಂಗ್ಲೆಂಡಿನ ಪ್ರಸಿದ್ಧ ರೋಲ್ಸ್-ರಾಯ್ಸ್ ಸಂಸ್ಥೆಯವರು ಆರ್‌ಬಿ-೨೧೧ ಎಂಬ ತಮ್ಮ ಹೊಸ ವಿಮಾನಯಂತ್ರದ ಮುಂಭಾಗದ ಬೀಸಣಿಗೆಯ ರೆಕ್ಕೆಗಳನ್ನು ಇಂಗಾಲದ ನೂಲಿನಿಂದಲೇ ಮಾಡಲು ಹೊರಟರು. ತೂಕವು ಬಹಳವಾಗಿ ಇಳಿಯಿತು. ಎಲ್ಲವೂ ಸರಿಯೆಂದೇ ತೋರಿತು. ಆದರೆ ಹಾರುವ ವಿಮಾನಕ್ಕೆ ಹಕ್ಕಿ ಬಡಿದರೆ ಏನಾಗುವುದೆಂಬುದನ್ನು ಪರೀಕ್ಷಿಸಿದಾಗ ಆ ರೆಕ್ಕೆಗಳು ಒಡೆದು ಚೂರಾದುವು. ಮತ್ತೆ ಟೈಟೇನಿಯಂ ಲೋಹಕ್ಕೆ ಮರಳಬೇಕಾಯಿತು. ಇದೂ ಇತರ ವೆಚ್ಚಗಳೂ ಸೇರಿ ಸಂಸ್ಥೆಯು ೧೯೭೧ರ ಫೆಬ್ರವರಿ ೪ರಂದು ದಿವಾಳಿಯೆದ್ದಿತು. ಸರ್ಕಾರವು ಅದನ್ನು ಕೈಗೆ ತೆಗೆದುಕೊಂಡು ಉಳಿಸಬೇಕಾಯಿತು. ಸೆಳೆತವನ್ನು ತಾಳುವ ಶಕ್ತಿಯು ಒಂದು, ಹಠಾತ್ತಾದ ಪೆಟ್ಟನ್ನು ತಾಳುವ ಶಕ್ತಿಯು ಇನ್ನೊಂದು ಎಂಬ ಈ ಪಾಠಕ್ಕೆ ತೆತ್ತ ಬೆಲೆಯು ಅಲ್ಪವಲ್ಲ.

ಮೋಟಾರು ಪಂದ್ಯಗಳಲ್ಲಿ ಆ ಪಾಠವು ಇನ್ನೂ ಕಠೋರವಾಗಿ ಬಂದಿತು. ೧೯೭೫ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನ ನಗರದ ಮೋನ್‌ಜೂಯಿಕ್ ಬೆಟ್ಟದ ಪಂದ್ಯದಲ್ಲಿ ಮುಂದೆ ಓಡುತ್ತಿದ್ದ ಕಾರೊಂದರ ಹಿಂದಿನ ರೆಕ್ಕೆಯನ್ನು ಹಿಡಿದಿದ್ದ ಇಂಗಾಲದ ಆಧಾರವು ಮುರಿದು, ಕಾರು ಅಂಕೆತಪ್ಪಿ ಹಾರಿ, ನೋಡಲು ನಿಂತಿದ್ದವರಲ್ಲಿ ಹಲವರು ಮೃತರಾದರು. ಉಕ್ಕು ಬಾಗುವುದು, ಬಾಗಿ ಎಚ್ಚರಿಸುವುದು. ಇಂಗಾಲದ ನೂಲಿನ ಹಲಗೆಯಾದರೋ ಬಾಗದೆ ನಿಂತು, ಮಿತಿಯನ್ನು ಮೀರಿದೊಡನೆ ಒಮ್ಮೆಗೇ ಮುರಿಯುವುದು.

ಆದುದರಿಂದಲೇ ೧೯೮೧ರಲ್ಲಿ ಮೆಕ್‌ಲಾರೆನ್ ಸಂಸ್ಥೆಗಾಗಿ ಜಾನ್ ಬರ್ನಾರ್ಡನು ಕಾರಿನ ಒಡಲನ್ನೇ ಇಂಗಾಲದ ನೂಲಿನಿಂದ ರಚಿಸಿದಾಗ ಅನೇಕರು ತಲೆಯಾಡಿಸಿದರು. ಡಿಕ್ಕಿಯಾದರೆ ಅದು ಪುಡಿಯಾಗಿ ಹೋಗುವುದೆಂದರು. ಆ ಒಡಲನ್ನು ಮಾಡಿಕೊಟ್ಟವರು ಅಮೆರಿಕದಲ್ಲಿ ರಾಕೆಟ್ಟುಗಳ ಕೆಲಸದಲ್ಲಿ ಪಳಗಿದ್ದ ಹರ್ಕ್ಯುಲಿಸ್ ಸಂಸ್ಥೆಯವರು. ಜುಲೈ ತಿಂಗಳಲ್ಲಿ ಜಾನ್ ವಾಟ್ಸನ್ ಆ ಕಾರಿನಲ್ಲಿ ಬ್ರಿಟಿಷ್ ಪಂದ್ಯವನ್ನು ಗೆದ್ದನು. ಆದರೆ ಸಂಶಯವನ್ನು ನೀಗಿಸಿದುದು ಆ ಗೆಲುವಲ್ಲ, ಸೆಪ್ಟೆಂಬರಿನ ಅಪಘಾತ. ಇಟಲಿಯ ಮೊಂಜಾ ಪಂದ್ಯದಲ್ಲಿ ವಾಟ್ಸನನ ಕಾರು ಭರದಿಂದ ತಡೆಗೆ ಬಡಿದು, ಎಂಜಿನು ಕಿತ್ತು ಬೇರೆಯಾಗಿ ಹೋಯಿತು. ಚಾಲಕನು ಕುಳಿತಿದ್ದ ಇಂಗಾಲದ ಒಡಲು ಮಾತ್ರ ಹಾಗೆಯೇ ಉಳಿಯಿತು. ಅವನು ಎದ್ದು ನಡೆದುಹೋದನು. ಮೋನ್‌ಜೂಯಿಕ್ಕಿನಲ್ಲಿ ಕೊಂದುದೂ ಮೊಂಜಾದಲ್ಲಿ ಕಾಯ್ದುದೂ ಒಂದೇ ವಸ್ತು. ಎಳೆಗಳ ದಿಕ್ಕು, ಪದರಗಳ ಸಂಖ್ಯೆ, ಕೂಡಿಸುವ ಕ್ರಮ, ಪರೀಕ್ಷೆಯ ನಿಷ್ಠುರತೆ, ಇವುಗಳಲ್ಲಿಯೇ ಭೇದವೆಲ್ಲ.

ಮೂರು ವರ್ಷಗಳಲ್ಲಿ ಎರಡು ಪ್ರವಾಹಗಳೂ ಒಂದಾದುವು. ೧೯೮೪ರ ಮೆಕ್‌ಲಾರೆನ್ ಕಾರಿನಲ್ಲಿ ಒಡಲು ಇಂಗಾಲದ್ದು, ಎಂಜಿನು ಟರ್ಬೋದ್ದು. ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹನ್ನೆರಡು ಅದರ ಪಾಲಾದುವು.

೪

ಇವೆಲ್ಲವೂ ಮಹಾಸಂಸ್ಥೆಗಳ ಕಥೆಯೆಂದೂ, ಮನೆಯ ಗ್ಯಾರೇಜಿಗೂ ಇದಕ್ಕೂ ಸಂಬಂಧವಿಲ್ಲವೆಂದೂ ಹೇಳುವಂತಿಲ್ಲ. ೧೯೨೨ರಲ್ಲಿ ಹೊರಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರನ್ನು ಹರ್ಬರ್ಟ್ ಆಸ್ಟಿನ್ ರೂಪಿಸಿದುದು ಕಾರ್ಖಾನೆಯ ಕಛೇರಿಯಲ್ಲಲ್ಲ, ತನ್ನ ಮನೆಯ ಬಿಲಿಯರ್ಡ್ಸ್ ಕೊಠಡಿಯಲ್ಲಿ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಜೊತೆಗೆ ಕೂರಿಸಿಕೊಂಡು. ಅಗ್ಗವೂ ಸರಳವೂ ಆದ ಆ ಕಾರು ಹಳತಾದ ಮೇಲೆ ತರುಣರ ಕೈಗೆ ಸಿಕ್ಕಿತು. ೧೯೪೮ರಲ್ಲಿ ಲಂಡನ್ನಿನ ಉತ್ತರಭಾಗದ ಒಂದು ಬಾಡಿಗೆಯಿಲ್ಲದ ಗ್ಯಾರೇಜಿನಲ್ಲಿ ಕಾಲಿನ್ ಚಾಪ್‌ಮನ್ ಎಂಬ ವಿದ್ಯಾರ್ಥಿಯು ಹಳೆಯ ಆಸ್ಟಿನ್ ಸೆವೆನ್ನಿಗೆ ಪ್ಲೈವುಡ್ಡಿನ ಹೊಸ ಒಡಲನ್ನು ಕಟ್ಟಿದನು. ಅವನಿಗೆ ಗ್ಯಾರೇಜನ್ನು ಒದಗಿಸಿದುದು ಅವನು ಮುಂದೆ ಮದುವೆಯಾದ ಕನ್ಯೆಯ ತೌರುಮನೆ. ಆ ಕಾರೇ ಲೋಟಸ್ ಸಂಸ್ಥೆಯ ಬೀಜ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಬ್ರೂಸ್ ಮೆಕ್‌ಲಾರೆನ್ ಎಂಬ ಹುಡುಗನೂ ತಂದೆಯ ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಬಂದ ಆಸ್ಟಿನ್ ಸೆವೆನ್ನನ್ನು ಜೋಡಿಸಿಯೇ ಮೋಟಾರಿನ ವಿದ್ಯೆಯನ್ನು ಕಲಿತನು. ಇಂಗಾಲದ ಒಡಲನ್ನು ಮೊದಲು ಗೆಲ್ಲಿಸಿದ ಸಂಸ್ಥೆಯು ಹೊತ್ತಿರುವುದು ಅವನ ಹೆಸರನ್ನೇ. ಆದರೆ ಆ ದಿನವನ್ನು ಕಾಣಲು ಅವನಿರಲಿಲ್ಲ. ೧೯೭೦ರಲ್ಲಿ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಅದರ ಹಿಂಭಾಗದ ಹೊದಿಕೆಯು ವೇಗದಲ್ಲಿ ಕಳಚಿಹೋಗಿ ಕಾರು ಅಂಕೆತಪ್ಪಲು ಅವನು ಮಡಿದಿದ್ದನು. ಹೊದಿಕೆಯು ಅಲಂಕಾರವಲ್ಲ, ಅದನ್ನು ಹಿಡಿದಿರುವ ಕೊಂಡಿಗಳು ಅಲ್ಪವಸ್ತುಗಳಲ್ಲ ಎಂಬುದನ್ನು ಮನೆಯಲ್ಲಿ ಬಾನೆಟ್ಟು ಮಾಡುವ ಪ್ರತಿಯೊಬ್ಬನೂ ಇದರಿಂದ ತಿಳಿಯಬೇಕು.

ರಾಳ ಮತ್ತು ಬಟ್ಟೆಯ ಕೆಲಸವು ಮನೆಗಳಿಗೆ ಇಳಿದುದರಲ್ಲಿ ವಿಮಾನದ ಹವ್ಯಾಸಿಗಳ ಪಾಲೂ ಇದೆ. ಅಮೆರಿಕದ ಬರ್ಟ್ ರುಟಾನ್ ೧೯೭೦ರ ದಶಕದ ನಡುವಿನಲ್ಲಿ, ಹಗುರವಾದ ನೊರೆಹಲಗೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ರಾಳದಿಂದ ಮೆತ್ತಿ, ಅಚ್ಚಿಲ್ಲದೆಯೇ ಪುಟ್ಟ ವಿಮಾನವನ್ನು ಕಟ್ಟುವ ವಿಧಾನವನ್ನು ನಕ್ಷೆಗಳ ಮೂಲಕ ಜನರಿಗೆ ಕಲಿಸಿದನು. ಅವನೇ ರೂಪಿಸಿದ ‘ವಾಯೇಜರ್’ ಎಂಬ ವಿಮಾನವು, ಬಹುಮಟ್ಟಿಗೆ ಇಂಗಾಲದ ನೂಲಿನಿಂದ ಆದುದು, ೧೯೮೬ರ ಡಿಸೆಂಬರಿನಲ್ಲಿ ಎಲ್ಲಿಯೂ ಇಳಿಯದೆ, ದಾರಿಯಲ್ಲಿ ಇಂಧನವನ್ನು ತುಂಬದೆ, ಒಂಬತ್ತು ದಿನಗಳಲ್ಲಿ ಭೂಮಂಡಲವನ್ನು ಸುತ್ತಿಬಂದಿತು. ಅದನ್ನು ಕಟ್ಟಲು ಸ್ವಯಂಸೇವಕರು ಅನೇಕರು ದುಡಿದಿದ್ದರು.

ಕರ್ನಾಟಕಕ್ಕೂ ಈ ವಿದ್ಯೆಯು ಅಪರಿಚಿತವಲ್ಲ. ೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ‘ತೇಜಸ್’ ಎಂದು ಹೆಸರಾದ ಲಘು ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ನೂರಕ್ಕೆ ನಲವತ್ತೈದು ಪಾಲು ಇಂಗಾಲದ ನೂಲು ಮತ್ತು ರಾಳಗಳಿಂದ ಆದುದು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ಅದರ ಭಾಗಗಳ ನಿರ್ಮಾಣದಲ್ಲಿ ಪಾಲ್ಗೊಂಡವರು. ಅಲ್ಲಿ ಒತ್ತಡದ ದೊಡ್ಡ ಒಲೆಗಳಲ್ಲಿ ನಡೆಯುವ ಕೆಲಸಕ್ಕೂ ಗ್ಯಾರೇಜಿನಲ್ಲಿ ನಡೆಯುವುದಕ್ಕೂ ಅಳತೆಯಲ್ಲಿ ಅಜಗಜಾಂತರವಿದ್ದರೂ ತತ್ತ್ವವು ಒಂದೇ.

೫

ಆ ಗ್ಯಾರೇಜಿನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಹವ್ಯಾಸಿಯು ಮೊದಲು ಕಾರಿನ ಹಳೆಯ ಬಾನೆಟ್ಟನ್ನೇ ಮಾದರಿಯಾಗಿಟ್ಟುಕೊಂಡು, ಅದಕ್ಕೆ ಮೇಣವನ್ನು ತಿಕ್ಕಿ, ಗಾಜಿನ ನೂಲಿನಿಂದ ಅಚ್ಚನ್ನು ತೆಗೆಯುತ್ತಾನೆ. ಅಚ್ಚಿನ ಒಳಮೈಯನ್ನು ಕನ್ನಡಿಯಂತೆ ಉಜ್ಜಿ, ಮತ್ತೆ ಮೇಣ ಹಚ್ಚಿ, ಇಂಗಾಲದ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ರಾಳವನ್ನು ಸಮನಾಗಿ ಉಣಿಸುತ್ತಾನೆ. ಒಂದು ಪದರದ ಎಳೆಗಳು ನೇರವಾಗಿದ್ದರೆ ಇನ್ನೊಂದರವು ಓರೆಯಾಗಿರಬೇಕು. ಏಕೆಂದರೆ ನೂಲಿಗೆ ಬಲವಿರುವುದು ಅದರ ಉದ್ದಕ್ಕೆ ಮಾತ್ರ. ಗಂಜಿಯು ಬಟ್ಟೆಗೆ ಬಿಗಿಯನ್ನು ಕೊಡುವಂತೆ ರಾಳವು ನೂಲನ್ನು ಆಕಾರದಲ್ಲಿ ಹಿಡಿದಿಡುವುದು. ಗಂಜಿ ಹೆಚ್ಚಾದರೆ ಬಟ್ಟೆ ಕೆಡುವಂತೆಯೇ ರಾಳವು ಹೆಚ್ಚಾದರೆ ಭಾಗವು ಭಾರವಾಗಿ ಒಡಕಾಗುವುದು. ಆದುದರಿಂದ ಎಲ್ಲವನ್ನೂ ಪ್ಲಾಸ್ಟಿಕ್ಕಿನ ಚೀಲದೊಳಗೆ ಮುಚ್ಚಿ ಪಂಪಿನಿಂದ ಒಳಗಿನ ಗಾಳಿಯನ್ನು ಹೀರುತ್ತಾರೆ. ಆಗ ಹೊರಗಿನ ವಾಯುಮಂಡಲವೇ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಿಂದ ಪದರಗಳನ್ನು ಒತ್ತಿ, ಅಧಿಕವಾದ ರಾಳವನ್ನು ಹೊರಡಿಸುವುದು. ಚೀಲದಲ್ಲಿ ಸೂಜಿಯ ಮೊನೆಯಷ್ಟು ತೂತಿದ್ದರೂ ಶ್ರಮವು ವ್ಯರ್ಥ. ಮೊದಲ ಪ್ರಯತ್ನಗಳಲ್ಲಿ ಗುಳ್ಳೆಗಳು ಏಳುವುದೂ, ಭಾಗವು ಅಚ್ಚಿಗೆ ಅಂಟಿಕೊಂಡು ಎರಡೂ ಹಾಳಾಗುವುದೂ ಸಾಮಾನ್ಯ. ಗೆದ್ದ ದಿನ ಕೈಗೆ ಬರುವ ಬಾನೆಟ್ಟು ಉಕ್ಕಿನದರ ಅರ್ಧಕ್ಕಿಂತ ಕಡಮೆ ತೂಗುವುದು.

ಟರ್ಬೋವಿನ ಕಡೆಯಲ್ಲಿಯೂ ಹಳೆಯ ಚರಿತ್ರೆಯೇ ಮರುಕಳಿಸುತ್ತದೆ. ಆ ಪುಟ್ಟ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರುವುದರಿಂದ ಬೇರಿಂಗುಗಳಿಗೆ ಎಣ್ಣೆಯು ಒಂದು ಕ್ಷಣವೂ ತಪ್ಪಬಾರದು. ಬ್ಯೂಖಿಯ ಇಪ್ಪತ್ತು ವರ್ಷಗಳ ಕಷ್ಟವು ಇಲ್ಲಿ ಒಂದು ಎಣ್ಣೆಯ ಕೊಳವೆಯಲ್ಲಿ ಅಡಗಿದೆ. ಒತ್ತಿದ ಗಾಳಿಯನ್ನು ತಣಿಸಲು ಇಂಟರ್‌ಕೂಲರನ್ನೂ, ಅಧಿಕವಾದ ಹೊಗೆಯನ್ನು ಪಕ್ಕಕ್ಕೆ ಬಿಟ್ಟು ಚಕ್ರದ ವೇಗವನ್ನು ಮಿತಿಯಲ್ಲಿಡಲು ವೇಸ್ಟ್‌ಗೇಟನ್ನೂ ಇಡಬೇಕು. ಗಾಳಿಯು ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚಿಸಿ, ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಬೇಕು. ಜೆಟ್‌ಫೈರಿನವರು ನೀರಿನಿಂದ ಸಾಧಿಸಿದುದನ್ನು ಇಂದಿನವನು ಇವುಗಳಿಂದ ಸಾಧಿಸುತ್ತಾನೆ. ಅವಸರಪಟ್ಟು ಒತ್ತಡವನ್ನು ಏರಿಸಿದವನ ಪಿಸ್ಟನ್ನು ಕರಗುವುದು ಅಂದಿನಂತೆಯೇ ಇಂದಿಗೂ ನಿಜ.

ಎಲ್ಲಕ್ಕಿಂತ ಕಠಿನವಾದ ಗಂಟು ಎರಡೂ ಒಂದೇ ಬಾನೆಟ್ಟಿನಡಿಯಲ್ಲಿ ಸೇರಿದಾಗ ಕಾಣಬರುವುದು. ಟರ್ಬೋವಿನ ಹೊಗೆಯ ಪಕ್ಕವು ಭಾರವನ್ನು ಹೊತ್ತಾಗ ಕೆಂಪಗೆ ಕಾಯುವುದು. ಮನೆಯ ಉಷ್ಣತೆಯಲ್ಲಿ ಗಟ್ಟಿಯಾದ ಸಾಧಾರಣ ಎಪಾಕ್ಸಿಯಾದರೋ ಅನೇಕವೇಳೆ ನೂರು ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದಕ್ಕೆ ಮೊದಲೇ ಮೆತ್ತಗಾಗುವುದು. ನೂಲು ಬೆಂಕಿಯಲ್ಲಿ ಹುಟ್ಟಿದ್ದಾದರೂ ಅದನ್ನು ಹಿಡಿದಿರುವ ರಾಳವು ಬೆಂಕಿಯನ್ನು ತಾಳದು. ತಿಂಗಳುಗಟ್ಟಲೆ ದುಡಿದು ಮಾಡಿದ ಬಾನೆಟ್ಟು ಒಂದೇ ಮಧ್ಯಾಹ್ನದಲ್ಲಿ ಅಲೆಯಂತೆ ಬಾಗುವುದುಂಟು. ಆಗ ಹವ್ಯಾಸಿಯು ಭಾಗವನ್ನು ನಿಧಾನವಾಗಿ ಕಾಯಿಸಿ ರಾಳವನ್ನು ಹದಗೊಳಿಸುವುದನ್ನೂ, ಟರ್ಬೋವಿಗೆ ಶಾಖದ ಕವಚವನ್ನು ತೊಡಿಸುವುದನ್ನೂ, ಬಿಸಿಗಾಳಿ ಹೊರಡಲು ಕಿಂಡಿಗಳನ್ನು ಬಿಡುವುದನ್ನೂ ಕಲಿಯುತ್ತಾನೆ. ಇಂಗಾಲವು ಅಲ್ಯೂಮಿನಿಯಮಿಗೆ ನೇರವಾಗಿ ತಾಗಿ ತೇವವೂ ಸೇರಿದರೆ ಲೋಹವು ತಿಂದುಹೋಗುವುದೆಂಬುದನ್ನು ಅರಿತು ನಡುವೆ ಗಾಜಿನ ಬಟ್ಟೆಯನ್ನು ಇಡುತ್ತಾನೆ. ನೂಲಿನ ಪುಡಿಯು ಶ್ವಾಸಕೋಶಕ್ಕೂ ಹಸಿರಾಳವು ಚರ್ಮಕ್ಕೂ ಅಹಿತವೆಂದು ಮುಖಕ್ಕೆ ಮುಸುಕನ್ನೂ ಕೈಗೆ ಚೀಲವನ್ನೂ ತೊಡುತ್ತಾನೆ.

ಇಷ್ಟನ್ನು ಕಲಿತವನಿಗೆ ಕೊನೆಯದಾಗಿ ಒಂದು ವಿವೇಕವು ಬರಬೇಕು. ಬಾನೆಟ್ಟು, ಗಾಳಿಯ ಕೊಳವೆ, ಒಳಗಿನ ಹಲಗೆಗಳು, ಇವು ಮನೆಯ ಕೈಗೆ ಒಪ್ಪುವ ಭಾಗಗಳು; ಅವು ಕೆಟ್ಟರೆ ನಷ್ಟವು ಹಣದ್ದು. ಚಕ್ರವನ್ನು ಹಿಡಿದಿರುವ ತೋಳು, ಸ್ಟೀರಿಂಗಿನ ದಂಡ, ಆಸನದ ಆಧಾರ, ಇವು ಹಾಗಲ್ಲ. ಒಳಗೆ ಪದರಗಳು ಬಿಟ್ಟುಕೊಂಡಿದ್ದರೂ ಹೊರಗಿನ ಹೊಳಪು ಅದನ್ನು ಹೇಳದು; ಅದನ್ನು ಕಂಡುಹಿಡಿಯುವ ಸಾಧನಗಳು ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೋಲ್ಸ್-ರಾಯ್ಸಿನವರಂಥವರೂ ಹಕ್ಕಿಯ ಪೆಟ್ಟಿನ ಮುಂದೆ ತಲೆಬಾಗಿದರೆಂಬುದನ್ನು ನೆನೆದವನು ಇಲ್ಲಿ ಉಕ್ಕಿಗೇ ಶರಣಾಗುವನು. ತಾನು ಮಾಡಬಲ್ಲುದು ಯಾವುದು, ಮಾಡಬಾರದುದು ಯಾವುದು ಎಂಬ ಗೆರೆಯನ್ನು ತಾನೇ ಎಳೆದುಕೊಳ್ಳಬಲ್ಲವನ ಹಸ್ತಕೌಶಲವು ಮಾತ್ರ ವಿದ್ಯೆಯೆನಿಸಿಕೊಳ್ಳುವುದು.

ಹೀಗೆ ನೋಡಿದರೆ ಮನೆಯ ಗ್ಯಾರೇಜಿನಲ್ಲಿ ಕಟ್ಟಲ್ಪಡುವ ಕಾರು ಬರಿಯ ವೇಗದ ಹುಚ್ಚಲ್ಲ. ಹೊರಗೆ ಹೋಗಿಬಿಡುತ್ತಿದ್ದ ಹೊಗೆಯಲ್ಲಿ ಬಲವನ್ನು ಕಂಡವನೂ, ಸುಟ್ಟ ದಾರದಲ್ಲಿ ದಾರ್ಢ್ಯವನ್ನು ಕಂಡವರೂ ಹಲವು ವರ್ಷಗಳ ಸೋಲಿನಿಂದ ಗಳಿಸಿದ ಜ್ಞಾನವನ್ನು ಒಬ್ಬ ಗೃಹಸ್ಥನು ತನ್ನ ಕೈಯಿಂದ ಮತ್ತೊಮ್ಮೆ ಗಳಿಸಿಕೊಳ್ಳುವ ಸಾಹಸವದು. ಅಂಗಡಿಯಲ್ಲಿ ಟರ್ಬೋವೂ ದೊರೆಯುವುದು, ಇಂಗಾಲದ ಬಟ್ಟೆಯೂ ದೊರೆಯುವುದು. ಬ್ಯೂಖಿಯ ತಾಳ್ಮೆಯೂ ಮೋನ್‌ಜೂಯಿಕ್ಕಿನ ಎಚ್ಚರವೂ ಅಲ್ಲಿ ದೊರೆಯುವುದಿಲ್ಲ. ಅವನ್ನು ಚರಿತ್ರೆಯಿಂದ ತಿಳಿದು, ಕೆಲಸದಿಂದ ತನ್ನದಾಗಿಸಿಕೊಳ್ಳಬೇಕು.